ನಮ್ಮ ಓಣಿಯಲ್ಲಿ ಇಳಿದ ಪಲ್ಲೆ

ಅವರು ಒಮ್ಮೆಯೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಹೆಸರು ಗೊತ್ತಿರಲಿಲ್ಲವೆಂದಲ್ಲ. ನಾನು ಮದುವೆಯಾಗಿ ಬಳ್ಳಾರಿಯ ಈ ಓಣಿಗೆ ಬಂದ ದಿನವೇ ಕೇಳಿ ತಿಳಿದುಕೊಂಡಿದ್ದರು. ಆದರೆ ಹೆಸರಿನ ಬೆನ್ನಿಗೇ "ಯಾವೂರು?" ಎಂದು ಕೇಳಿದರು. ಕುರುಗೋಡು ಎಂದೆ. ಹೆಸರಿನ ಕಥೆ ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಅವರ ಬಾಯಲ್ಲಿ ನಾನು ಕುರುಗೋಡು. "ಲೇ ಕುರುಗೋಡು, ನಲ್ಲಿ ಬಂದೈತಿ ನೋಡು." "ಕುರುಗೋಡು, ನಿನ್ನ ಗಂಡ ಎದ್ದಾನೇನು?" ನಮ್ಮ ಬಲಕ್ಕಿದ್ದ ಮನೆಯ ಅಜ್ಜಿ ಸಿರುಗುಪ್ಪ. ಎದುರು ಮನೆಯ ಗಂಡಹೆಂಡಿರು ಇಬ್ಬರೂ ಸೇರಿ ಒಂದೇ ತೆಕ್ಕಲಕೋಟೆ. ಜನ್ಮವೆಲ್ಲ ಸಿರುಗುಪ್ಪ ಬಸ್ಸಿನಲ್ಲಿ ಟಿಕೆಟ್ ಕೊಟ್ಟ ಮನುಷ್ಯನಿಗೆ ಯಾರೇ ಕಂಡರೂ ಅವರು ಇಳಿಯುವ ಊರೇ ಮೊದಲು ನೆನಪಾಗುತ್ತಿತ್ತು.

ನಾವು ಅವರನ್ನು ಕಂಡಕ್ಟರ್ ಮಾಮ ಎನ್ನುತ್ತಿದ್ದೆವು. ಹೋದ ತಿಂಗಳು ತೀರಿಕೊಂಡರು. ಅವರಿಲ್ಲ ಎಂದು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲಾರೆ.

ಕಡ್ಡಿಯಂಥ ಮೈ. ನಿವೃತ್ತಿಯಾದ ಮೇಲೂ ಖಾಕಿ ಪ್ಯಾಂಟು ಬಿಡಲಿಲ್ಲ. ಎಲ್ಲಿ ನಿಂತರೂ ಕಾಲು ಅಗಲಿಸಿ, ಒಂದು ಕೈ ಮೇಲೆತ್ತಿ, ಬಾಗಿಲ ಚೌಕಟ್ಟನ್ನೋ ಬೇವಿನ ಟೊಂಗೆಯನ್ನೋ ಹಿಡಿದೇ ನಿಲ್ಲುತ್ತಿದ್ದರು. "ಮಾಮ, ನೆಲ ಎಲ್ಲಿಗೂ ಹೋಗಂಗಿಲ್ಲ, ಕೈ ಬಿಡ್ರಿ," ಎಂದು ನಾನು ಅಣಕಿಸಿದರೆ, "ಡ್ರೈವರ್ ಯಾವಾಗ ಬ್ರೇಕ್ ಹಾಕ್ತಾನೋ ಯಾರಿಗೆ ಗೊತ್ತು ಯವ್ವ," ಎನ್ನುತ್ತಿದ್ದರು. ಅಂಗಿಯ ಕಿಸೆಯಲ್ಲಿ ಒಂದು ಸೀಟಿ ಸದಾ ಇರುತ್ತಿತ್ತು. ಓಣಿಯಲ್ಲಿ ಜಗಳ ಹತ್ತಿದರೆ ನಡುವೆ ಬಂದು ಸೀಟಿ ಊದುವರು. ಜಗಳವಾಡುವವರು ನಗಲೇಬೇಕು, ಇಲ್ಲವೆ ಇಬ್ಬರೂ ಸೇರಿ ಅವರಿಗೆ ಬೈಯಬೇಕು. ಎರಡರಲ್ಲಿ ಯಾವುದಾದರೂ ಅವರಿಗೆ ನಡೆಯುತ್ತಿತ್ತು.

ನಮ್ಮ ಓಣಿ ಇರುವುದು ಸಿರುಗುಪ್ಪ ರಸ್ತೆಯ ಮಗ್ಗುಲಲ್ಲಿ. ಮುಕ್ಕಾಲು ಪಾಲು ಹೆಂಗಸರು ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಹೋಗುವವರು. ನಾನೂ ಅಷ್ಟೇ, ಪ್ಯಾಂಟಿನ ಜೇಬು ಹಚ್ಚುವುದು ನನ್ನ ಕೆಲಸ. ಬೆಳಿಗ್ಗೆ ಗೇಟು ಮುಚ್ಚುವುದರೊಳಗೆ ಒಳಗಿರಬೇಕು, ಹೊರಗೆ ಬರುವಾಗ ಹೊತ್ತು ಮುಳುಗಿರುತ್ತದೆ. ತಳ್ಳುಗಾಡಿಯವನು ಓಣಿಗೆ ಬರುವುದು ನಾವಿಲ್ಲದಾಗ. ದೊಡ್ಡ ಮಾರ್ಕೆಟ್ಟಿಗೆ ಹೋಗಬೇಕೆಂದರೆ ಆಟೋದವನಿಗೆ ಕೊಡುವುದೇ ಕಾಯಿಪಲ್ಲೆಯ ರೇಟಿಗಿಂತ ಹೆಚ್ಚು. ಪಾರ್ವತಿನಗರದ ಕಡೆ ಫೋನು ಒತ್ತಿದರೆ ತರಕಾರಿ ಬಾಗಿಲಿಗೆ ಬರುತ್ತದಂತೆ; ನಮ್ಮ ಓಣಿಯ ಬಾಗಿಲಿಗೆ ಬರುತ್ತಿದ್ದುದು ಸಾಲದ ಕಂತಿನವನು ಒಬ್ಬನೇ. ಹಾಗಾಗಿ ರೇಷನ್ ಅಕ್ಕಿಯ ಅನ್ನ, ಹುಣಸೆಹಣ್ಣು ಕಿವುಚಿದ ತಿಳಿಸಾರು, ಉಪ್ಪಿನಕಾಯಿ. ಮಕ್ಕಳು ಅತ್ತರೆ ಅಂಗಡಿಯ ಚಿಪ್ಸ್ ಪಾಕೀಟು. ಹೊಟ್ಟೆ ತುಂಬುತ್ತಿತ್ತು, ಇಲ್ಲವೆಂದು ಹೇಳುವುದಿಲ್ಲ. ಮೈಗೆ ಏನೂ ಹತ್ತುತ್ತಿರಲಿಲ್ಲ.

ನನ್ನ ಮೊದಲ ಕೂಸು ಏಳನೇ ತಿಂಗಳಲ್ಲಿ ಹೋಯಿತು. ರಕ್ತ ಕಡಿಮೆ ಇತ್ತು ಎಂದರು ಡಾಕ್ಟರು. ಮತ್ತೆ ಬಸುರಾದಾಗ ಅದೇ ಆಸ್ಪತ್ರೆಯ ಅದೇ ಬೆಂಚಿನ ಮೇಲೆ ಕುಳಿತು ಅದೇ ಮಾತು ಕೇಳಿದೆ. "ರಕ್ತ ಏರಬೇಕಮ್ಮ. ಗುಳಿಗಿ ನುಂಗು, ಪಲ್ಲೆ ತಿನ್ನು, ಕಾಳು ತಿನ್ನು. ಇಲ್ಲಾಂದ್ರ ಹೆರಿಗಿ ಕಷ್ಟ ಆಗ್ತೈತಿ." ಗುಳಿಗೆ ಅವರೇ ಕೊಟ್ಟರು. ಸೊಪ್ಪಿನ ಪಲ್ಲೆ ಎಲ್ಲಿಂದ ತರಲಿ? ಓಣಿಗೆ ಬಂದು ಕಂಡಕ್ಟರ್ ಮಾಮನ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಅತ್ತುಬಿಟ್ಟೆ. ಅವರು ಸಮಾಧಾನದ ಮಾತಿನಲ್ಲಿ ಬಡವರು. ಬೇವಿನ ಟೊಂಗೆ ಹಿಡಿದು ನಿಂತು, ರಸ್ತೆಯ ಮೇಲೆ ಹೋಗುತ್ತಿದ್ದ ಬಸ್ಸನ್ನೇ ನೋಡುತ್ತ ಹೇಳಿದರು:

"ಸರ್ವೀಸ್ ಮುಗಿಯೋ ಮಟ ನನ್ನ ಬಸ್ಸಿನ್ಯಾಗ ಪಲ್ಲೆ ಹೇರಿದೆ ಯವ್ವ. ಮೆಂತ್ಯ, ಪುಂಡಿ, ರಾಜಗಿರಿ. ಸೀಟಿನ ಕೆಳಗ, ಮೇಲ್ಗಡೆ, ಜನದ ತೊಡಿ ಮ್ಯಾಲ. ಈ ಓಣಿ ಮುಂದs ಹಾದು ಹೋತು. ಒಂದು ದಿನಾನೂ ಇಲ್ಲಿ ಇಳೀಲಿಲ್ಲ ನೋಡು."

ಮರುದಿನದಿಂದಲೇ ಅವರ ಓಡಾಟ ಶುರುವಾಯಿತು. ಕುರುಗೋಡು ಕಡೆಯಿಂದ, ಸಿರುಗುಪ್ಪದ ಕಾಲುವೆ ದಂಡೆಯ ಹಳ್ಳಿಗಳಿಂದ ಪಲ್ಲೆಯ ಗಂಟು ಹೊತ್ತು ಮೊದಲ ಬಸ್ಸಿಗೆ ಬರುವ ಹೆಂಗಸರೆಲ್ಲ ಅವರಿಗೆ ಪರಿಚಯ. ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ, ಯಾರ ಗಂಡ ಕುಡಿಯುತ್ತಾನೆ, ಎಲ್ಲ ಗೊತ್ತು. ಪುಕ್ಕಟೆ ಪಾಸಿದ್ದ ಮನುಷ್ಯ ಬಸ್ಸು ಹತ್ತಿ ಹೋಗಿ, ಅವರೊಟ್ಟಿಗೇ ಕುಳಿತು ಬಂದು, ದಾರಿಯುದ್ದಕ್ಕೂ ತಲೆ ತಿಂದರು. "ಮಾರ್ಕೀಟಿಗೆ ಯಾಕ ಹೋಗ್ತೀರಿ? ಅಲ್ಲಿ ದಲಾಲಿ ಕೊಡಬೇಕು. ನಮ್ಮ ಓಣಿ ಮುಂದ ಇಳೀರಿ, ಸಿರುಗುಪ್ಪ ಸಂತಿ ರೇಟು ಕೊಡ್ತೀವಿ." ಅಲ್ಲಿ ಸ್ಟಾಪಿಲ್ಲವಲ್ಲ ಎಂದರೆ, "ಸ್ಟಾಪ್ ಅಂದ್ರೇನು? ಬಸ್ ನಿಂತ್ರ ಅದs ಸ್ಟಾಪ್." ಡ್ರೈವರುಗಳೆಲ್ಲ ಅವರ ಕೈಯಲ್ಲಿ ಪಳಗಿದ ಹುಡುಗರು. ಬಸ್ಸು ನಿಂತಿತು.

ಈಗ ಮಾಮ ಮಾಡಿದ ಎಡವಟ್ಟು ಹೇಳಬೇಕು. ಬಸ್ಸು ಬರುವುದು ನಸುಕಿನಲ್ಲಿ. ಪಲ್ಲೆಯ ಗಂಟುಗಳು ಕಟ್ಟೆಯ ಮೇಲೆ ಇಳಿದವು, ಇಬ್ಬನಿ ಇನ್ನೂ ಆರಿರಲಿಲ್ಲ. ಮಾಮ ಹೆಮ್ಮೆಯಿಂದ ಸೀಟಿ ಊದಿದರು. ಒಬ್ಬರೂ ಬರಲಿಲ್ಲ. ಬರುವುದಾದರೂ ಹೇಗೆ? ಆ ಹೊತ್ತಿನಲ್ಲಿ ನಾನು ನೀರು ತುಂಬಬೇಕು, ಅನ್ನಕ್ಕಿಡಬೇಕು, ಡಬ್ಬಿ ಕಟ್ಟಬೇಕು, ಗೇಟು ಮುಚ್ಚುವುದರೊಳಗೆ ಓಡಬೇಕು. ಪಲ್ಲೆ ಎಂದರೆ ಬೇರು ಕಡಿದು, ಹಣ್ಣೆಲೆ ತೆಗೆದು, ಮಣ್ಣು ಹೋಗುವ ತನಕ ತೊಳೆದು... ಯಾರಿಗಿದೆ ಪುರುಸೊತ್ತು? ಮಧ್ಯಾಹ್ನಕ್ಕೆ ಎಲ್ಲ ಬಾಡಿತು. ಮೇಕೆಗಳಿಗೆ ಹಬ್ಬ. ಎರಡನೇ ದಿನವೂ ಅದೇ. ಮೂರನೇ ದಿನ ಹಳ್ಳಿಯ ಹೆಂಗಸರು ಬಸ್ಸಿನಿಂದ ಇಳಿಯದೆ ಕಿಟಕಿಯಿಂದಲೇ ಮಂಗಳಾರತಿ ಎತ್ತಿದರು: "ನಿನ್ನ ಮಾತು ಕಟ್ಟಿಕೊಂಡು ನಮ್ಮ ಪಲ್ಲೆ ಮ್ಯಾಕಿ ಪಾಲಾತು ಕಂಡಕ್ಟ್ರಪ್ಪ!"

ನಾನೂ ಬಿಡಲಿಲ್ಲ. "ಮಾಮ, ನೀವು ಬಸ್ಸಿನ ಟೈಮ್ ನೋಡಿದ್ರಿ. ಒಲಿ ಟೈಮ್ ಯಾರು ನೋಡ್ಬೇಕು?" ಎಂದೆ.

ಅವರ ಮುಖ ಸಣ್ಣದಾಯಿತು. ಕಟ್ಟೆಯ ಮೇಲೆ ಹಿಂದಿನ ದಿನ ಮೇಕೆ ಬಿಟ್ಟು ಉಳಿದದ್ದು ಎರಡು ಕಟ್ಟು ಮೆಂತ್ಯ. ಪಕ್ಕದಲ್ಲಿ ಸಿರುಗುಪ್ಪದ ಅಜ್ಜಿ ಕುಳಿತಿದ್ದಳು. ಗಂಡ ಸತ್ತು ಬಹಳ ವರ್ಷಗಳಾಗಿದ್ದವು, ಮಗ ಸೊಸೆ ಇಬ್ಬರೂ ಯೂನಿಟ್ಟಿಗೆ ಹೋದರೆ ದಿನವೆಲ್ಲ ಆಕೆಗೆ ಕಟ್ಟೆಯೇ ಮನೆ. ಅವಳಿಗೆ ಯಾರೂ ಹೇಳಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಅವಳ ಕೈ ತಾನಾಗಿಯೇ ಮೆಂತ್ಯದ ಎಲೆ ಬಿಡಿಸತೊಡಗಿತು. ಮಾಮ ನೋಡಿದರು. ನೋಡಿ, "ರೈಟ್!" ಎಂದು ಕೂಗಿದರಂತೆ. ಅಜ್ಜಿ ಬೆಚ್ಚಿಬಿದ್ದು ಬೈದಳಂತೆ.

ಆಮೇಲೆ ನಡೆದದ್ದು ಇಷ್ಟು. ಹಳ್ಳಿಯ ಹೆಂಗಸರನ್ನು ಮಾಮ ಮತ್ತೆ ಒಪ್ಪಿಸಿದರು. ಬೆಳಿಗ್ಗೆ ಬಂದ ಪಲ್ಲೆಯನ್ನು ಮಾಮ ಒಟ್ಟಿಗೇ ಇಳಿಸಿಕೊಂಡು ಹಸಿ ಗೋಣಿತಟ್ಟು ಹೊದಿಸುವರು. ಹಳ್ಳಿಯವರು ಹಿಂದಿನ ದಿನದ ದುಡ್ಡು ಎಣಿಸಿಕೊಂಡು, ಬಸ್ಸು ಹೊರಳಿ ಬಂದಾಗ ಹತ್ತಿ ಊರಿಗೆ. ಮಧ್ಯಾಹ್ನ ಓಣಿಯ ಮುದುಕಿಯರೆಲ್ಲ ಬೇವಿನ ನೆರಳಲ್ಲಿ ಕೂತು ಸೋಸುವರು. ಯೂನಿಟ್ಟು ಬಿಡುವ ಹೊತ್ತಿಗೆ ಸೀಟಿ. ಸೋಸಿ, ತೊಳೆದು, ನೇರ ಒಲೆಗೆ ಹಾಕುವಂತಿದ್ದ ಪಲ್ಲೆ. ಅನ್ನ ಕುದಿಯುವಷ್ಟರಲ್ಲಿ ಪಲ್ಲೆಯೂ ಆಗುತ್ತಿತ್ತು. ಹೆಸರುಕಾಳು, ಅಲಸಂದಿಯೂ ಬರತೊಡಗಿದವು. ಮುದುಕಿಯರಿಗೆ ಕೂಲಿ ಏನು? ಕೊಸರು. ಹಳ್ಳಿಯ ಹೆಂಗಸು ಕಟ್ಟು ಎಣಿಸಿ ಕೊಟ್ಟ ಮೇಲೆ ಮೇಲೊಂದು ಹಿಡಿ ಹಾಕುತ್ತಾಳಲ್ಲ, ಅದು. ಸಂತೆಯಲ್ಲಿ ಕೊಸರು ಕೊಂಡವರದ್ದು. ಇಲ್ಲಿ ಸೋಸಿದವರದ್ದು ಎಂದು ಮಾಮ ಕಾನೂನು ಮಾಡಿದರು. ಯಾರ ಹತ್ತಿರವೂ ಕೈಚಾಚದೆ ಆ ಮುದುಕಿಯರ ಗಡಿಗೆಗೆ ಪಲ್ಲೆ ಬಿತ್ತು. ಸೊಸೆಯಂದಿರ ದನಿಯೂ ಸ್ವಲ್ಪ ಇಳಿಯಿತು ಎಂದು ಸಿರುಗುಪ್ಪದ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದಳು.

ಸಂಜೆಯ ಆ ಗುಂಪನ್ನು ಮಾಮ ಬಸ್ಸಿನಂತೆಯೇ ನಡೆಸುತ್ತಿದ್ದರು. "ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗ ಐತಿ." "ಚಿಲ್ರಿ ಇಟ್ಕೊಂಡು ಬರ್ರಿ." "ಏ ತೆಕ್ಕಲಕೋಟಿ, ಒಬ್ಬಾಕಿಗೆ ಎಷ್ಟು ಸೀಟು?" ದಿನಾ ಸಂಜೆ ಅವರ ಗಂಟಲು ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು.

ಇಷ್ಟೆಲ್ಲ ಪಲ್ಲೆಯ ಪುರಾಣ ಹೇಳುವ ಮನುಷ್ಯ ತಾನು ತಿನ್ನುತ್ತಿದ್ದುದು ಏನು? ಮಿರ್ಚಿ, ಒಗ್ಗರಣೆ ಮಂಡಕ್ಕಿ. ಒಂದು ಭಾನುವಾರ ಮೂಲೆಯ ಬಂಡಿಯ ಹಿಂದೆ ನಿಂತು, ಒಂದು ಕೈಯಲ್ಲಿ ಬಂಡಿಯ ಕಂಬ ಹಿಡಿದು, ಇನ್ನೊಂದರಲ್ಲಿ ಎಣ್ಣೆ ಸೋರುವ ಮಿರ್ಚಿ ಹಿಡಿದಿದ್ದವರನ್ನು ಮಾಲುಸಮೇತ ಹಿಡಿದೆ.

"ಏನ್ ಮಾಮ ಇದು?"

"ನಾನು ರಿಟೈರ್ ಆದಾಂವ. ಡ್ಯೂಟಿ ಮ್ಯಾಲಿರಾಕಿ ನೀನು," ಎಂದು ನನ್ನ ಹೊಟ್ಟೆಯ ಕಡೆ ಗದ್ದದಿಂದ ತೋರಿಸಿ, ಇನ್ನೊಂದು ಮಿರ್ಚಿ ಎತ್ತಿಕೊಂಡರು.

ಡ್ಯೂಟಿಯ ಮೇಲಿದ್ದೆ, ನಿಜ. ಆದರೆ ರಕ್ತ ಏರುತ್ತಿರಲಿಲ್ಲ. ಐದು ತಿಂಗಳು ತುಂಬಿ ಆರಕ್ಕೆ ಬಿದ್ದಿತ್ತು. ಮತ್ತೆ ಆಸ್ಪತ್ರೆಗೆ ಹೋದಾಗ ನರ್ಸು ಕೇಳಿದಳು, "ಪಲ್ಲೆ ತಿನ್ನಾಕತ್ತೀಯಿಲ್ಲೋ?" "ದಿನಾ ಮಾಡಾಕತ್ತೀನ್ರಿ," ಎಂದೆ. "ಮಾಡೋದು ಕೇಳಲಿಲ್ಲ," ಎಂದಳು. ಏಳನೇ ತಿಂಗಳು ಹತ್ತಿರ ಬರುತ್ತಿತ್ತು. ಯೂನಿಟ್ಟಿನಲ್ಲಿ ಮಷೀನಿನ ಮುಂದೆ ಕೂತರೆ ಕಣ್ಣು ಕತ್ತಲೆ. ಈ ಕೂಸೂ ಹೋದರೆ ನಾನು ಉಳಿದು ಏನು ಮಾಡಲಿ ಎಂದು ಜೇಬಿನ ಮೇಲೆ ಜೇಬು ಹಚ್ಚುತ್ತಾ ಯೋಚಿಸುತ್ತಿದ್ದೆ.

ಸಂಜೆ ಮಾಮ ಕೇಳಿದರು. "ರಕ್ತ ಏರ್ತೇನು ಕುರುಗೋಡು?"

"ಇಲ್ಲ ಮಾಮ."

"ದಿನಾ ಪಲ್ಲೆ ಒಯ್ಯಾಕತ್ತೀಯಲ್ಲ?"

"ಒಯ್ಯಾಕತ್ತೀನಿ."

"ತಿನ್ನೋರ್ಯಾರು?"

ತಿನ್ನುವವರು ಎಲ್ಲರೂ. ಮೊದಲು ಗಂಡ, ಅವನ ತಮ್ಮ, ಆಮೇಲೆ ಅತ್ತೆ. ನನ್ನ ಪಾಳಿ ಬರುವಾಗ ಬೋಗುಣಿಯ ತಳದಲ್ಲಿ ರಸ ಇರುತ್ತಿತ್ತು, ಎರಡು ಎಲೆ ಇರುತ್ತಿದ್ದವು. ಅವರು ಕೆಟ್ಟವರಲ್ಲ. ಗಂಡ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತು ಬರುತ್ತಿದ್ದ, ಹಸಿದಿರುತ್ತಿದ್ದ. ನಾನೇ ಬಡಿಸುತ್ತಿದ್ದೆ, ಸಾಕೇ ಇನ್ನಷ್ಟು ಬೇಕೇ ಎಂದು ಕೇಳಿ ಬಡಿಸುತ್ತಿದ್ದೆ. ಇದನ್ನೆಲ್ಲ ಮಾಮನಿಗೆ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

"ಬಸ್ಸಿನ್ಯಾಗೂ ಹಿಂಗs. ಹೆಂಗಸರ ಸೀಟು ಅಂತ ಬರದಿರ್ತೈತಿ, ಗಂಡಸು ಕುಂತಿರ್ತಾನ," ಎಂದರು. "ಬೋರ್ಡ್ ಹಾಕಿದ್ರ ಸಾಲಂಗಿಲ್ಲ. ಎಬ್ಬಿಸಬೇಕು."

ಹೇಗೆ ಎಬ್ಬಿಸುತ್ತಾರೆ ಎಂದು ಮರುದಿನ ಗೊತ್ತಾಯಿತು. ಸಂಜೆ ಸೀಟಿ ಊದಿ, ಗುಂಪೆಲ್ಲ ಸೇರಿದ ಮೇಲೆ ಕೂಗಿದರು: "ಎಲ್ಲಾ ಸರೀರಿ. ಹೊಟ್ಟಿಯಾಗ ಕೂಸಿರೋರು ಮುಂದ ಬರ್ರಿ. ಕುರುಗೋಡು, ಬಾ. ಸೆರಗು ಹಿಡಿ." ನಾನು ಏನೆಂದು ತಿಳಿಯದೆ ನಿಂತೆ. "ಉಡಿ ತುಂಬ್ರಿ ಇಕಿಗೆ," ಎಂದು ಮುದುಕಿಯರಿಗೆ ಹೇಳಿದರು. "ಅಕ್ಕಿ ಬ್ಯಾಡ, ಕೊಬ್ಬರಿ ಬ್ಯಾಡ. ನಿಮ್ಮ ಕೊಸರಿನ್ಯಾಗ ಒಂದೊಂದು ಹಿಡಿ ಪಲ್ಲೆ ಹಾಕ್ರಿ."

ಆಗ ಅರ್ಥವಾಯಿತು ನನಗೆ. ಪುಕ್ಕಟೆ ಕೊಟ್ಟರೆ ನಾನು ಒಲ್ಲೆ ಎನ್ನುತ್ತಿದ್ದೆ, ನನ್ನ ಸೊಕ್ಕು ಅವರಿಗೆ ಗೊತ್ತಿತ್ತು. ಉಡಿ ತುಂಬಿದರೆ ಯಾವ ಹೆಂಗಸೂ ಒಲ್ಲೆ ಎನ್ನುವಂತಿಲ್ಲ. ಮತ್ತೆ ಉಡಿಯಲ್ಲಿ ಬಿದ್ದದ್ದು ಉಡಿಯವಳದ್ದೇ. ಅವಳೇ ಬೇಯಿಸಬೇಕು, ಅವಳೇ ಉಣ್ಣಬೇಕು. ನಮ್ಮ ಕಡೆ ಗಂಡನೂ ಅದಕ್ಕೆ ಕೈ ಹಾಕುವುದಿಲ್ಲ.

ಆದರೆ ಯಾರ ಕೈಯೂ ಮುಂದೆ ಬರಲಿಲ್ಲ. ಸೋಸುವ ಮುದುಕಿಯರು ಮುಕ್ಕಾಲು ಪಾಲು ಗಂಡ ಸತ್ತವರು. ಸಿರುಗುಪ್ಪದ ಅಜ್ಜಿ ಹಿಡಿಯಲ್ಲಿ ರಾಜಗಿರಿ ಹಿಡಿದವಳು ಹಾಗೇ ಹಿಂದೆ ಸರಿದಳು. "ನಾವು ತುಂಬಬಾರದಪ್ಪ. ಮುತ್ತೈದೇರು ತುಂಬಬೇಕು." ನಮ್ಮತ್ತೆ ಗುಂಪಿನಿಂದ ನುಗ್ಗಿ ಬಂದಳು. "ಮೊದಲ್ನೇದು ಕಳಕೊಂಡು ಕುಂತೀವಿ ಅಣ್ಣಾ. ಇಂಥೋರ ಕೈಲೆ ಉಡಿ ತುಂಬಿಸಿ ಇದನ್ನೂ ಕಳಕೊಳ್ಳೂನೇನು?"

ಮಾಮ ಬೇವಿನ ಟೊಂಗೆ ಬಿಟ್ಟರು. ಅವರು ಕೈಬಿಟ್ಟು ನಿಂತದ್ದನ್ನು ನಾನು ನೋಡಿದ್ದು ಅವತ್ತೇ. "ತಂಗಿ, ಜನ್ಮೆಲ್ಲಾ ಟಿಕೀಟು ಹರದೀನಿ. ಮುತ್ತೈದಿಗೆ ಒಂದು ರೇಟು, ಗಂಡ ಸತ್ತಾಕಿಗೆ ಒಂದು ರೇಟು ಅಂತ ಕೊಟ್ಟೀನೇನು? ಈ ಪಲ್ಲೆ ಸೋಸಿದ್ದು ಇವರ ಕೈ. ಅದನ್ನs ಮನಿಗೆ ಒಯ್ದು ನೀನೂ ಉಂಡಿ, ನಿನ್ನ ಮಗನೂ ಉಂಡಾನ. ಬಾಯಿಗೆ ನಡೀತೈತಿ, ಉಡಿಗೆ ನಡಿಯಂಗಿಲ್ಲಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೂ ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ? ಕೂಸು ಹೋದ ಹೆಂಗಸಿಗೆ ಬೆಕ್ಕು ಅಡ್ಡ ಹೋದರೂ ಎದೆ ಝಲ್ಲೆನ್ನುತ್ತದೆ. ಸಿರುಗುಪ್ಪದ ಅಜ್ಜಿ ಕೈ ಹಿಂದೆ ಮುಚ್ಚಿಟ್ಟುಕೊಂಡಿದ್ದಳು, ತಪ್ಪು ಮಾಡಿದವರ ಹಾಗೆ. ಆ ಕೈಯ ಬೆರಳ ತುದಿ ಸೋಸಿ ಸೋಸಿ ಹಸಿರುಗಟ್ಟಿದ್ದು ನನಗೆ ಗೊತ್ತಿತ್ತು. ನಾನು ಯೂನಿಟ್ಟಿನಲ್ಲಿ ಕೂತಿದ್ದಾಗಲೆಲ್ಲ ಆ ಕೈ ನನ್ನ ಒಲೆಯ ಕೆಲಸ ಮಾಡುತ್ತಿತ್ತು. ನಾನು ಹೋಗಿ ಅವಳ ಮುಂದೆಯೇ ನಿಂತು ಸೆರಗು ಹಿಡಿದೆ.

"ಹಾಕವ್ವ," ಎಂದೆ.

ಅವಳು ಹಾಕಿದಳು. ಹಾಕುವಾಗ ಅಳುತ್ತಿದ್ದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಮುದುಕಿಯರೂ ಹಾಕಿದರು. ಎಷ್ಟೋ ವರ್ಷಗಳಿಂದ ಯಾರ ಉಡಿಯನ್ನೂ ತುಂಬದ ಕೈಗಳು ಅವು. ಮಾಮ ಮತ್ತೆ ಟೊಂಗೆ ಹಿಡಿದುಕೊಂಡು, "ಆತು ಆತು, ಮುಂದಿನೋರು ಬರ್ರಿ, ಎಷ್ಟೊತ್ತು ನಿಲ್ಲಿಸ್ತೀರಿ ಗಾಡಿ," ಎಂದು ಗದರಿದರು.

ಅವತ್ತಿನಿಂದ ದಿನಾ ನನಗೆ ಉಡಿ. ಸಣ್ಣ ಗಡಿಗೆಯಲ್ಲಿ ಬೇರೆ ಬೇಯಿಸಿ, ಶೇಂಗಾ ಪುಡಿ ಹಾಕಿ, ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದೆ. ಮನೆಯ ಹೆಂಗಸು ಮೊದಲು ಉಣ್ಣುವುದೆಂದರೆ ಆರಂಭದಲ್ಲಿ ಕಳ್ಳತನ ಮಾಡಿದಂತೆ ಅನಿಸುತ್ತಿತ್ತು. ಒಂದು ದಿನ ನನ್ನ ಗಂಡ ಆ ಗಡಿಗೆಗೆ ಸೌಟು ಹಾಕಲು ಹೋದ. ಅತ್ತೆ ಅವನ ಕೈ ಮೇಲೆ ಫಟ್ಟನೆ ಹೊಡೆದಳು. "ಅದು ಉಡಿ ಪಲ್ಲೆ. ಮುಟ್ಟಿದಿ ಅಂದ್ರ ನೋಡು." ನಾನು ಗೋಡೆಯ ಕಡೆ ಮುಖ ಮಾಡಿ ನಕ್ಕೆ.

ಏಳನೇ ತಿಂಗಳು ಬಂತು, ಕಳೆಯಿತು. ಗುಳಿಗೆಯೋ, ಪಲ್ಲೆಯೋ, ಎರಡೂ ಸೇರಿಯೋ, ರಕ್ತ ಏರಿತು. ದಿನ ತುಂಬಿ ಮಗಳು ಹುಟ್ಟಿದಳು. ಆಸ್ಪತ್ರೆಗೆ ಮಾಮ ಬಂದು ವಾರ್ಡಿನ ಬಾಗಿಲ ಚೌಕಟ್ಟು ಹಿಡಿದು ನಿಂತರು. ಒಳಗೆ ಬರಲಿಲ್ಲ. "ಹೆಂಗೈತಿ ಹಾಫ್ ಟಿಕೀಟು?" ಎಂದು ಕೇಳಿದರು. ಯಾವ ಊರಿನ ಹೆಸರಿಡುತ್ತೀರಿ ಮಾಮ ಎಂದೆ. "ಇದು ಇಲ್ಲೇ ಹತ್ತಿದ್ದು. ಬಳ್ಳಾರಿ," ಎಂದರು. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಓಣಿಯಲ್ಲಿ ಈಗಲೂ ಅದೇ.

ಕೊನೆಯ ದಿನಗಳಲ್ಲಿ ಕೂಗುವ ಶಕ್ತಿ ಹೋಗಿತ್ತು. ಹೊರಸಿನ ಮೇಲೆ ಮಲಗಿ, ಬಸ್ಸಿನ ಸದ್ದು ಕೇಳಿ, "ಯಾವ ಪಲ್ಲೆ ಇಳೀತು?" ಎಂದು ಕೇಳುವರು. ಪುಂಡಿ ಎಂದರೆ ತಲೆಯಾಡಿಸುವರು. ಒಂದು ಮುಂಜಾನೆ ಬಸ್ಸು ಬಂದು ನಿಂತಿತು; ಅವರು ಕೇಳಲಿಲ್ಲ.

ಡ್ರೈವರ್ ಇಳಿದು ಬಂದು ಕಾಲು ಮುಟ್ಟಿ ಹೋದ. ಹಳ್ಳಿಯ ಹೆಂಗಸರು ಗಂಟು ಇಳಿಸಿದರು. ಇವತ್ತು ಯಾಕೆ, ವಾಪಸು ಒಯ್ಯಿರಿ ಎಂದು ಯಾರೋ ಹೇಳಿದರು. "ಪಲ್ಲೆ ಸಾವಿಗೆ ಕಾಯಂಗಿಲ್ಲ, ಬಾಡ್ತೈತಿ," ಎಂದಳು ಸಿರುಗುಪ್ಪದ ಅಜ್ಜಿ. ಮಧ್ಯಾಹ್ನ ಮಣ್ಣು ಮಾಡಿ ಬಂದರು. ಮುದುಕಿಯರು ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಕಟ್ಟೆಗೆ ಬಂದು ಸೋಸಲು ಕೂತರು.

ಸಂಜೆ ಸೀಟಿ ಇಲ್ಲ. ಆದರೂ ಎಲ್ಲರೂ ಬಂದರು. ಬಂದವರಿಗೆ ಹೇಗೆ ನಿಲ್ಲಬೇಕೆಂದು ತಿಳಿಯಲಿಲ್ಲ. ಮುಂದಿದ್ದವರು ಸರಿಯಲಿಲ್ಲ, ಹಿಂದಿದ್ದವರು ನೂಕಿದರು, ಒಬ್ಬಿಬ್ಬರು ಬಾಯಿ ಮಾಡಿದರು. ಗುಂಪಿನ ತೀರಾ ಹಿಂದೆ, ಮೊನ್ನೆ ಮೊನ್ನೆ ಓಣಿಗೆ ಬಂದ ಒಬ್ಬ ಹುಡುಗಿ ಗೋಡೆಗಾತು ನಿಂತಿದ್ದಳು. ಬಿಳಿಚಿದ ಮುಖ. ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಹಾಗೆ ಎಳೆದುಕೊಳ್ಳುವುದು ಯಾವಾಗ ಎಂದು ನನಗೆ ಗೊತ್ತು.

ನಾನು ಕಟ್ಟೆ ಹತ್ತಿದೆ. ನಿಲ್ಲುವಾಗ ಕೈ ತಾನಾಗಿಯೇ ಮೇಲೆ ಹೋಗಿ ಬೇವಿನ ಟೊಂಗೆ ಹಿಡಿಯಿತು. "ಒಳಗ ಸರೀರಿ! ಹೊಟ್ಟಿಯಾಗ ಕೂಸಿರೋರು ಮುಂದ ಬರ್ರಿ!" ಎಂದು ಕೂಗಿದೆ. ಯಾರೋ ಬಿಕ್ಕಿದರು. ಆಮೇಲೆ ಎಲ್ಲರೂ ಸರಿದು ನಡುವೆ ದಾರಿ ಬಿಟ್ಟುಕೊಟ್ಟರು.

ಹುಡುಗಿ ಹೆದರುತ್ತಾ ಬಂದು ನಿಂತಳು. ಸಿರುಗುಪ್ಪದ ಅಜ್ಜಿ ಆಗಲೇ ಹಿಡಿ ತುಂಬ ಮೆಂತ್ಯ ಎತ್ತಿಕೊಂಡಿದ್ದಳು.

"ಯಾವೂರವ್ವ ನಿಂದು?" ಎಂದು ಕೇಳಿದೆ.

"ಆದೋನಿ ಅಕ್ಕಾ," ಎಂದು, ಆಮೇಲೆ ತನ್ನ ಹೆಸರು ಹೇಳಲು ಬಾಯಿ ತೆರೆದಳು.

"ಲೇ ಆದೋನಿ," ಎಂದೆ, "ಸೆರಗು ಹಿಡಿ."